ಮೈತುಂಬಿದ ಮರಿಗಳೇ ಏಕೆ ಸತ್ತವು?

ರಾಜೂರಿನ ಗುರುಸಂಗಪ್ಪ ಮತ್ತು ನೀಲವ್ವ ದಂಪತಿಯ ಹಟ್ಟಿಯಲ್ಲಿ ನಾಲ್ಕು ದಿನದೊಳಗೆ ಮೂರು ಕುರಿಮರಿಗಳು ಸತ್ತವು. ಸಂಜೆ ಜಿಗಿದಾಡಿದ ಮರಿ ಬೆಳಗ್ಗೆ ಹೊಟ್ಟೆ ಉಬ್ಬಿಸಿಕೊಂಡು, ಕಾಲು ಚಾಚಿ ಬಿದ್ದಿರುತ್ತಿತ್ತು. ಮೂರೂ ಮೈತುಂಬಿದ ಮರಿಗಳೇ. ಪಕ್ಕೆಲುಬು ಎಣಿಸುವಷ್ಟು ಬಡಕಲಾಗಿದ್ದ ಮರಿಗೆ ಮಾತ್ರ ಏನೂ ಆಗಿರಲಿಲ್ಲ.

"ಹಾವು ಕಡದಿದ್ರ ಗುರುತ ಇರತಿತ್ತು. ರೋಗ ಬಂದಿದ್ರ ಮೊದಲ ಬಡಕ ಮರಿ ಸಾಯಬೇಕಿತ್ತು," ಎಂದ ಗುರುಸಂಗಪ್ಪ.

"ಹಂಗಾದ್ರ ಇದು ಏನು?" ಎಂದಳು ನೀಲವ್ವ.

"ನನಗೂ ತಿಳೀವಲ್ದು."

ಕುರಿಗಳು ಎಂಟು ದಿನದಿಂದ ನಜೀರಸಾಬರ ಹೊಲದಲ್ಲಿ ಮೇಯುತ್ತಿದ್ದವು. ಜೋಳ ಕೊಯ್ದ ಹೊಲ, ಉದುರಿದ ತೆನೆ ಬೇಕಾದಷ್ಟಿತ್ತು. ಬೋರಿನ ಹತ್ತಿರ ನಜೀರಸಾಬರ ಹೆಂಡತಿ ರಾಜಮಾ ಸಿಕ್ಕಾಗ ನೀಲವ್ವ ತಡೆಯಲಾರದೆ ಕೇಳಿಬಿಟ್ಟಳು.

"ರಾಜಮಾ, ಹೊಲಕ್ಕ ಏನರ ಹುಳದ ಎಣ್ಣಿ ಹೊಡಿಸೀರೇನ?"

"ಕೊಯ್ದ ಹೊಲಕ್ಕ ಯಾರ ಎಣ್ಣಿ ಹೊಡೀತಾರವಾ? ನಮ್ಮ ಆಡೂ ಅಲ್ಲೇ ಮೇಯತಾವು," ಎಂದ ರಾಜಮಾ ತುಂಬಿದ ಕೊಡ ಕೆಳಗಿಟ್ಟಳು. "ನಾವು ವಿಷಾ ಹಾಕೀವಿ ಅಂತ ತಿಳದೀಯೇನು?"

ನೀಲವ್ವ ತನ್ನ ಕೊಡ ಎತ್ತಿಕೊಂಡು ಮನೆಯ ಕಡೆ ನಡೆದಳು. ಹದಿನೈದು ವರ್ಷದ ಗೆಳೆತನ. ಆದರೆ ಮರಿಗಳು ಸತ್ತದ್ದೂ ಖರೇ.

ಮರುದಿನ ಬೆಳಗ್ಗೆ ನಾಲ್ಕನೆಯ ಮರಿ ತಲೆಯನ್ನು ಹಿಂದಕ್ಕೆ ಸೆಟೆಸಿ, ಹಲ್ಲು ಕಡಿಯುತ್ತ ಕಾಲು ಬಡಿಯತೊಡಗಿತು. ನೀರು ಕುಡಿಸಲು ಹೋದರೆ ಬಾಯಿ ಬಿಡಲಿಲ್ಲ. ನೋಡನೋಡುತ್ತಲೇ ಹೋಯಿತು. ಸುದ್ದಿ ತಿಳಿದ ರಾಜಮಾ ಮಾತಾಡಲು ಬರಲಿಲ್ಲ. ಸೀದಾ ಹೋಗಿ, ದನಕುರಿಗಳ ಆರೈಕೆಗೆ ತರಬೇತಿ ಪಡೆದಿದ್ದ ಊರಿನ ಪಶುಸಖಿ ಶೈಲಶ್ರೀಯನ್ನು ಕರೆತಂದು ಹಟ್ಟಿಯ ಮುಂದೆ ಬಿಟ್ಟು ಹೋದಳು.

ಶೈಲಶ್ರೀ ಫೋನು ಮಾಡಿ ಪಶುವೈದ್ಯರನ್ನು ಕರೆಸಿದಳು. ಅವರು ಸತ್ತ ಮರಿಯ ಹೊಟ್ಟೆ ಕೊಯ್ದು ನೋಡಿದರು. ಒಳಗೆಲ್ಲ ಜೋಳದ ಕಾಳು. ಕರುಳು ಕೆಂಪಾಗಿತ್ತು.

"ಕರುಳುಬೇನೆ. ಕ್ಲಾಸ್ಟ್ರಿಡಿಯಂ ಅನ್ನೋ ರೋಗಾಣುವಿನ ಕೆಲಸ. ಆದರೆ ಇಷ್ಟೊಂದು ಕಾಳು ಹೊಲದಲ್ಲೇ ತಿಂದದ್ದಾ?" ಎಂದು ವೈದ್ಯರು ಕೇಳಿದರು.

ಗುರುಸಂಗಪ್ಪನ ತಾಯಿ ಸಣ್ಣವ್ವ ಬಾಗಿಲಲ್ಲಿ ನಿಂತು ಹೇಳಿದಳು.

"ನಾನ ಹಾಕೀನ್ರಿ. ಚಲೋ ಮರಿ ಲಗೂ ಬೆಳೀಲಿ ಅಂತ ಒಂದ ವಾರದಿಂದ ದಿನಾ ಸಂಜಿಗೆ ಎರಡ ಬೊಗಸಿ ನೆನಸಿದ ಜ್ವಾಳ." ಅವಳ ದನಿ ಇಳಿಯಿತು. "ಹಂಗಾದ್ರ ನಾನ ಕೊಂದೆನೇನು?"

ಶೈಲಶ್ರೀ ಮುದುಕಿಯನ್ನು ಕಟ್ಟೆಯ ಮೇಲೆ ಕೂರಿಸಿದಳು. "ನೀವು ಪ್ರೀತೀಲೆ ಹಾಕೀರಿ ಅಮ್ಮಾ, ನಿಮಗ ತಿಳಿದಿದ್ದಿಲ್ಲ. ಆ ರೋಗಾಣು ಮಣ್ಣಾಗೂ ಇರತಾವು, ಕುರಿ ಹೊಟ್ಟ್ಯಾಗೂ ಇರತಾವು."

"ಮೊದಲಿಂದನೂ ಇದ್ರ ಇಷ್ಟ ದಿನಾ ಯಾಕ ಸಾಯಲಿಲ್ಲ?" ಗುರುಸಂಗಪ್ಪನಿಗೆ ಇದರ ತಲೆಬುಡ ತಿಳಿಯಲಿಲ್ಲ.

"ಸ್ವಲ್ಪ ಇದ್ರ ತ್ರಾಸಿಲ್ರಿ. ಒಮ್ಮೆಲೆ ಕಾಳು, ಎಳೀ ಹುಲ್ಲು ಹೆಚ್ಚಾತಂದ್ರ ಅವು ಕೋಟಿಗಟ್ಲೆ ಬೆಳೀತಾವು, ವಿಷಾ ಬಿಡತಾವು. ಆ ವಿಷಾ ರಕ್ತಕ್ಕ ಸೇರಿ ಮೆದುಳಿಗೆ ಹೋಗತೈತಿ. ಬಡಕ ಮರಿಗೆ ಅಮ್ಮಾರು ಕಾಳ ಹಾಕಿದ್ದಿಲ್ಲ, ಅದಕ್ಕ ಉಳೀತು."

"ಅಂದ್ರ ವಿಷಾ ಅನ್ನೋದು ಖರೇನ," ಎಂದಳು ನೀಲವ್ವ.

"ಖರೇ ಐತಿ. ಆದ್ರ ಯಾರೂ ಹೊರಗಿಂದ ಹಾಕಿದ್ದಲ್ಲ."

ನೀಲವ್ವ ತಲೆ ತಗ್ಗಿಸಿದಳು.

ಸತ್ತ ಮರಿಯನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಲು, ಮಾಂಸ ಹಂಚದಿರಲು ವೈದ್ಯರು ಹೇಳಿದರು. ಕಾಳು ನಿಲ್ಲಿಸಿ, ಜೋಳದ ದಂಟಿನ ಒಣ ಕಣಿಕೆ ಹಾಕಿಸಿದರು. ಉಳಿದ ಕುರಿಗಳಿಗೆ ಲಸಿಕೆ ಹಾಕಿದರು.

ಮೂರನೆಯ ದಿನ ಇನ್ನೊಂದು ಮರಿ ಸತ್ತಿತು. ಗುರುಸಂಗಪ್ಪ ಶೈಲಶ್ರೀಯ ಮನೆಗೇ ಹೋದ.

"ಸೂಜಿ ಹಾಕಿದ ಮ್ಯಾಲೂ ಸತ್ತಿತಲ್ಲವಾ. ಯಾವದನ್ನ ನಂಬಲಿ?"

"ಸೂಜಿ ಮೈಗೆ ಹತ್ತಾಕ ಎರಡ ವಾರ ಬೇಕಾಗತೈತ್ರಿ. ಅದು ರೋಗ ಬರಲಾರದಂಗ ತಡೀತೈತಿ, ಬಂದ ರೋಗಾನ ಬಿಡಿಸೂದಿಲ್ಲ. ಮೊದಲನೇ ಸಲ ಆದ್ದರಿಂದ ಎರಡ-ಮೂರ ವಾರ ಬಿಟ್ಟ ಇನ್ನೊಂದ ಸೂಜಿ ಹಾಕಸ್ರಿ. ಆಮ್ಯಾಲ ವರ್ಷಾ ವರ್ಷಾ."

ಪೂರಾ ನಂಬಿಕೆಯಿಲ್ಲದಿದ್ದರೂ ಅವನು ಎರಡನೆಯ ಲಸಿಕೆಯನ್ನೂ ಹಾಕಿಸಿದ. ಆಮೇಲೆ ಹಟ್ಟಿಯಲ್ಲಿ ಒಂದು ಮರಿಯೂ ಸಾಯಲಿಲ್ಲ. ಈಗ ಅವನೇ ಪಕ್ಕದ ಹಟ್ಟಿಯವರಿಗೆ, "ಮಳಿಗಾಲ ಸುರು ಆಗೂದ್ರಾಗ ಹಾಕಸ್ರಿ" ಎನ್ನುತ್ತಾನೆ.

ನೀಲವ್ವ ರಾಜಮಾಳ ಮನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡದ್ದೆಲ್ಲ ಬಾಗಿಲಲ್ಲಿ ಮರೆತುಹೋಯಿತು.

"ತಪ್ಪಾತು," ಎಂದಳು.

"ಒಳಗ ಬಾ," ಎಂದಳು ರಾಜಮಾ.

ಕುರಿ, ಆಡು ಸಾಕುವ ಅಕ್ಕ ಅಣ್ಣಂದಿರೇ, ಹಿಂದಿನ ಸಲ ನಿಮ್ಮ ಹಟ್ಟಿಗೆ ಕರುಳುಬೇನೆ ಲಸಿಕೆ ಹಾಕಿಸಿದ್ದು ಯಾವಾಗ? ನೆನಪಾಗದಿದ್ದರೆ ನಾಳೆಯೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಮೇವು ಬದಲಿಸುವಾಗ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬದಲಿಸಿ. ಗಟ್ಟಿಮುಟ್ಟಾದ ಮರಿ ಇದ್ದಕ್ಕಿದ್ದಂತೆ ಸತ್ತರೆ ಪಶುವೈದ್ಯರಿಗೆ ತೋರಿಸದೆ ಹೂಳಬೇಡಿ. ನೆರೆಯವರ ಮೇಲೆ ಅನುಮಾನ ಪಡುವ ಮೊದಲು ಆಸ್ಪತ್ರೆಗೆ ಒಂದು ಫೋನು ಮಾಡಿ.