ನಲವತ್ತಮೂರು ದಿನಸಿ ಬಿಲ್‌ಗಳು

ಮಗಳ ಕಿವಿಗೆ ಹೊಸ ಅಚ್ಚು ಮಾಡಿಸಬೇಕು ಎಂದು ಡಾಕ್ಟರು ಹೇಳಿದ ವಾರವೇ ನಾನು ಆ ಆಪನ್ನು ಫೋನಿಗೆ ಹಾಕಿಕೊಂಡೆ. ಏಳು ವರ್ಷದ ಹುಡುಗಿ, ಕಿವಿ ಕೇಳಿಸುವುದು ಕಮ್ಮಿ. ಕಿವಿಯ ಮಿಷನ್ನಿಗೇನೂ ಆಗಿಲ್ಲ. ಅದನ್ನು ಕಿವಿಯೊಳಗೆ ಹಿಡಿದಿಡುವ ಮೆತ್ತನೆಯ ಅಚ್ಚು ಮಾತ್ರ ಸಡಿಲವಾಗಿದೆ. ಮಕ್ಕಳ ಕಿವಿ ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ. ಸಡಿಲವಾದರೆ ಮಿಷನ್ನು ಕುಯ್ಯೆಂದು ಸಿಳ್ಳೆ ಹಾಕುತ್ತದೆ, ಕ್ಲಾಸಿನ ಮಕ್ಕಳೆಲ್ಲ ನಗುತ್ತವೆ, ಇವಳು ಅದನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡು ಸುಮ್ಮನೆ ಕೂರುತ್ತಾಳೆ. "ಹೀಗೇ ಆದ್ರೆ ಈ ವರ್ಷ ಪಾಸು ಮಾಡೋದು ಕಷ್ಟ," ಎಂದು ಟೀಚರು ಮುಖಕ್ಕೇ ಹೇಳಿದ್ದರು. ಎರಡೂ ಕಿವಿಯದು ಸೇರಿ ಮೂರು ಸಾವಿರ.

ನಾನು ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತೇನೆ. ನಮ್ಮ ಯಜಮಾನರದು ಬೀದಿ ಮೂಲೆಯಲ್ಲಿ ಒಂದು ಇಸ್ತ್ರಿ ಅಂಗಡಿ. ಬಾಡಿಗೆ, ಸ್ಕೂಲು, ಅತ್ತೆಯ ಔಷಧಿ ಅಂತ ಇಬ್ಬರ ದುಡ್ಡೂ ತಿಂಗಳ ಇಪ್ಪತ್ತರೊಳಗೆ ಮಾಯ. ಮೂರು ಸಾವಿರ ಒಟ್ಟಿಗೆ ಕೈಯಲ್ಲಿ ಹಿಡಿದ ನೆನಪೇ ನನಗಿಲ್ಲ.

ಆಪಿನ ವ್ಯವಹಾರ ಇಷ್ಟೇ. ದಿನಸಿ ತಂದ ಮೇಲೆ ಬಿಲ್ಲಿನ ಫೋಟೋ ತೆಗೆದು ಕಳಿಸಬೇಕು. ಅವರ ಪಟ್ಟಿಯಲ್ಲಿರುವ ಸಾಮಾನಿದ್ದರೆ ಒಂದಿಷ್ಟು ದುಡ್ಡು ವಾಪಸು. ಸೋಪಿಗೆ ಹತ್ತು, ಎಣ್ಣೆಗೆ ಇಪ್ಪತ್ತೈದು. ಅದು ಆಪಿನಲ್ಲೇ ಕೂಡುತ್ತ ಹೋಗಿ, ಮೂರು ಸಾವಿರ ತುಂಬಿದ ಮೇಲೆ ಬ್ಯಾಂಕಿಗೆ ಬರುತ್ತದೆ. ಸರಿಯಾಗಿ ಮೂರು ಸಾವಿರ. ನನಗೋಸ್ಕರವೇ ಯಾರೋ ಕೂತು ಮಾಡಿದ್ದಾರೆ ಅನ್ನಿಸಿತು ನೋಡಿ, ಅಷ್ಟು ದಡ್ಡಿ ನಾನು.

ಎಂಟು ತಿಂಗಳು ಪಟ್ಟಿಯಲ್ಲಿರುವುದನ್ನೇ ತಂದೆ, ಪಟ್ಟಿಯಲ್ಲಿರುವುದನ್ನೇ ತಿಂದೆವು. ಪಟ್ಟಿಯ ಟೀಪುಡಿಯ ಟೀ ಕುಡಿದು ಅತ್ತೆ ಮೂಗು ಮುರಿದರು. "ಇದೇನು ಟೀನೋ, ಪೊರಕೆ ತೊಳೆದ ನೀರೋ?" ಆದರೂ ಲೋಟ ಖಾಲಿ ಮಾಡಿದರು. ಮೊಮ್ಮಗಳ ವಿಷಯವೆಂದರೆ ಅವರು ವಿಷ ಕೊಟ್ಟರೂ ಕುಡಿದಾರು. ಯಜಮಾನರು ನನ್ನನ್ನು "ಬಿಲ್ ಮಹಾರಾಣಿ" ಎಂದು ಕರೆಯತೊಡಗಿದರು. ಬಸ್ಸಿನಲ್ಲಿ, ಕ್ಯೂನಲ್ಲಿ, ಎಲ್ಲೆಂದರಲ್ಲಿ ಫೋಟೋ ತೆಗೆದು ಕಳಿಸುತ್ತಿದ್ದೆ. ಆಮೇಲೆ ಬಿಲ್ಲನ್ನು ಮುದುರಿ ಪರ್ಸಿಗೆ ತುರುಕಿ, ಮನೆಗೆ ಬಂದು ಖಾಲಿ ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದೆ.

ಎರಡು ಸಾವಿರದ ಒಂಬೈನೂರು ದಾಟಿದ ದಿನ ನನಗೆ ಧೈರ್ಯ ಬಂತು. ಮಗಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಅಳತೆ ಕೊಡಿಸಿದೆ. ಕಿವಿಯೊಳಗೆ ಗುಲಾಬಿ ಬಣ್ಣದ ಅಂಟು ತುಂಬಿದಾಗ ಕಚಗುಳಿಯಾಗಿ ಕಿಲಕಿಲ ನಕ್ಕಳು. "ತಗೊಂಡು ಹೋಗುವಾಗ ದುಡ್ಡು ಕಟ್ಟಿದ್ರೆ ಸಾಕು," ಎಂದರು ಕ್ಲಿನಿಕ್ಕಿನವರು.

ಮೂರು ಸಾವಿರ ತುಂಬಿತು. ಹಣ ಕಳಿಸಿ ಎಂದು ಒತ್ತಿದೆ. ಆಪಿನಿಂದ ಉತ್ತರ ಬಂತು: ನಿಮ್ಮ ಹಲವು ಫೋಟೋಗಳು ಅಸ್ಪಷ್ಟವಾಗಿವೆ. ಪರಿಶೀಲನೆಗಾಗಿ ಎಲ್ಲಾ ಬಿಲ್‌ಗಳನ್ನು ಮೂರು ದಿನದೊಳಗೆ ಮತ್ತೊಮ್ಮೆ ಕಳಿಸಿ.

ಡಬ್ಬಿ ಸುರಿದು ಎಣಿಸಿದೆ. ನಲವತ್ತಮೂರು ಬಿಲ್ಲು. ಒಂದೂ ಕಳೆದಿರಲಿಲ್ಲ, ಅದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೊದಲನೆಯದರ ಫೋಟೋ ತೆಗೆದರೆ, ಬಿಲ್ ಮುದುಡಿದೆ, ಸಪಾಟಾಗಿಟ್ಟು ಮತ್ತೆ ತೆಗೆಯಿರಿ ಎಂದಿತು. ಎರಡನೆಯದಕ್ಕೂ ಅದೇ. ಅಂಗೈಯಿಂದ ತೀಡಿದೆ, ಮಗಳ ಪುಸ್ತಕದ ಕೆಳಗೆ ಅದುಮಿಟ್ಟೆ. ಊಹೂಂ, ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ನನ್ನ ಪಾಳಿಯ ಹೊತ್ತಾಯಿತು.

"ಇಷ್ಟೇ ತಾನೆ? ನೀನು ಕೆಲಸಕ್ಕೆ ಹೋಗು, ನಾನು ನೋಡ್ಕೋತೀನಿ," ಎಂದರು ಯಜಮಾನರು. ಎಂಟು ತಿಂಗಳಲ್ಲಿ ಮೊದಲ ಸಲ ಅವರಿಗೂ ಇದರಲ್ಲಿ ಒಂದು ಕೆಲಸ ಸಿಕ್ಕಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದರು.

ಸಂಜೆ ನಾನು ಬಂದಾಗ ಅವರು ಅಂಗಡಿಯ ಮೇಜಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಮೇಜಿನ ಮೇಲೆ ಸಾಲಾಗಿ ಕಪ್ಪು ಕಾಗದದ ಪಟ್ಟಿಗಳು. ನನಗೆ ತಕ್ಷಣ ಅರ್ಥವಾಗಲಿಲ್ಲ.

"ಸುಡಬಾರದು ಅಂತ ಮೇಲೆ ಬಟ್ಟೆ ಹಾಸಿದ್ದೆ ಕಣೇ," ಎಂದರು. "ಕಾವೂ ಕಮ್ಮೀನೇ ಇಟ್ಟಿದ್ದೆ. ಎಲ್ಲಾನೂ ಸಾಲಾಗಿ ಜೋಡಿಸಿ ಒಂದೇ ಸಲ ತೀಡಿದೆ. ಬಟ್ಟೆ ತೆಗೆದು ನೋಡಿದ್ರೆ ಹೀಗಾಗಿತ್ತು."

ಒಂದು ಬಿಲ್ಲನ್ನು ಮೊದಲು ಇಸ್ತ್ರಿ ಮಾಡಿ ನೋಡಿದ್ದರೆ ನಲವತ್ತೆರಡು ಉಳಿಯುತ್ತಿದ್ದವು. ಆದರೆ ಅವರು ಕೆಲಸದಲ್ಲಿ ಅಚ್ಚುಕಟ್ಟು, ಎಲ್ಲವೂ ಒಂದೇ ಮಟ್ಟಕ್ಕೆ ಸಪಾಟಾಗಬೇಕು. ಸಪಾಟಾಗಿದ್ದವು. ಒಂದು ಸುಕ್ಕೂ ಇರಲಿಲ್ಲ. ಒಂದು ಅಕ್ಷರವೂ ಇರಲಿಲ್ಲ.

ನಾನು ಬಾಯಿಗೆ ಬಂದಂತೆ ಅಂದೆ. "ನಿಮ್ಮ ಕೈಗೆ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಮಣ್ಣು ಹಾಕ. ಮಗಳ ಕಿವಿಯನ್ನೇ ಸುಟ್ಟಿರಿ ನೀವು." ಬೀದಿಯವರೆಲ್ಲ ಕೇಳಿಸಿಕೊಂಡರು. ಅವರು ತಲೆ ಎತ್ತಲಿಲ್ಲ. ತಿರುಗಿ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಅಂಗಡಿ ಮುಚ್ಚಿ ದಿನಸಿ ಅಂಗಡಿಗೆ ಓಡಿದರು. ಅಲ್ಲಿಯ ಕ್ಯಾಶಿಯರು ಒಳ್ಳೆಯ ಹೆಂಗಸು. "ಈ ಕಾಗದಕ್ಕೆ ಇಂಕೇ ಇರಲ್ಲ ಅಣ್ಣ, ಮಿಷನ್ನು ಕಾವು ಕೊಟ್ಟೇ ಅಕ್ಷರ ಮೂಡಿಸೋದು. ಕಾವು ತಾಗಿದ ಕಡೆಯೆಲ್ಲ ಕಪ್ಪಾಗುತ್ತೆ," ಎಂದು ತಿಳಿಸಿ ಹೇಳಿದರಂತೆ. ಕಳೆದ ಹತ್ತು ದಿನದ್ದು ಮಾತ್ರ ಅವರ ಕಂಪ್ಯೂಟರಿನಲ್ಲಿತ್ತು. ಎರಡು ಬಿಲ್ಲು ಮತ್ತೆ ತೆಗೆದುಕೊಟ್ಟರು. ಅವನ್ನು ಯಜಮಾನರು ಅಂಗಿಯ ಜೇಬಿಗೂ ಹಾಕದೆ, ಹಾಳೆಗಳ ನಡುವೆ ಇಟ್ಟುಕೊಂಡು ತಂದರು. ಆಪಿನವರಿಗೆ ಆ ಎರಡನ್ನೂ ಕಳಿಸಿ, ನಡೆದದ್ದನ್ನೆಲ್ಲ ಬರೆದೆ. ಮಗುವಿನ ಕಿವಿಯ ವಿಷಯವನ್ನೂ ಬರೆದೆ. ನಿಮ್ಮ ಸಂದೇಶ ನಮಗೆ ಅಮೂಲ್ಯ ಎಂದು ಅರ್ಧ ನಿಮಿಷದಲ್ಲಿ ಉತ್ತರ ಬಂತು. ಓದಿದವರು ಯಾರೂ ಇರಲಿಲ್ಲ ಎಂದು ಅದರಿಂದಲೇ ಗೊತ್ತಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಪರಿಶೀಲನೆ ವಿಫಲ, ಮೊತ್ತ ಸೊನ್ನೆ.

ಯಾರ ಹತ್ತಿರ ಕೇಳುವುದು? ಕಾರ್ಖಾನೆಯಲ್ಲಿ ಮುಂಗಡ ಆಗಲೇ ತೆಗೆದುಕೊಂಡಾಗಿತ್ತು. ಅತ್ತೆ ತಮ್ಮ ಔಷಧಿ ಬೇಡ ಎಂದರು. ಅದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಭಾನುವಾರ ಮಧ್ಯಾಹ್ನ ಕ್ಲಿನಿಕ್ಕಿನಿಂದ ಫೋನ್ ಬಂತು. ಮಗಳು ನನ್ನ ಪಕ್ಕದಲ್ಲೇ ಕೂತು, ಮಿಷನ್ನು ತೆಗೆದಿಟ್ಟು, ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

"ಅಚ್ಚು ರೆಡಿ ಇದೆ ಮೇಡಂ, ಯಾವಾಗ ಬರ್ತೀರಾ?"

"ಸ್ವಲ್ಪ ಸ್ವಲ್ಪ ಕಟ್ಟಬಹುದಾ?"

"ಇಲ್ಲ ಮೇಡಂ, ಪೂರ್ತಿ ಕಟ್ಟಿದ ಮೇಲೇ ಕೊಡೋದು."

"ಹಾಗಾದ್ರೆ ಒಂದಾರು ತಿಂಗಳು ನಿಮ್ಮಲ್ಲೇ ಇಟ್ಕೊಂಡಿರ್ತೀರಾ?"

"ಇಟ್ಕೊಂಡಿರಬಹುದು ಮೇಡಂ. ಆದ್ರೆ ಅಷ್ಟೊತ್ತಿಗೆ ಮಗು ಕಿವಿ ಮತ್ತೆ ಬೆಳೆದಿರುತ್ತೆ. ಈ ಅಚ್ಚು ಕೂರಲ್ಲ. ಬೇರೆಯವರಿಗೂ ಬರಲ್ಲ, ಬಿಸಾಕೋದೇ."

ಮಗಳು ಬಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಈ ಎಂಟು ತಿಂಗಳಲ್ಲಿ, ಯಾರೂ ಹೇಳಿಕೊಡದೆ, ತುಟಿ ನೋಡಿ ಮಾತು ತಿಳಿಯುವುದನ್ನು ಅವಳು ಕಲಿತುಬಿಟ್ಟಿದ್ದಳು. ನಾನು ಗೋಡೆಯ ಕಡೆ ತಿರುಗಿ, "ಬೇಡ ಅಂತ ಬರ್ಕೊಳ್ಳಿ," ಎಂದೆ.

ಅವಳು ಎದ್ದು ಬಂದು, ನನ್ನ ಮತ್ತು ಗೋಡೆಯ ನಡುವೆ ತೂರಿಕೊಂಡಳು. "ಯಾರಮ್ಮಾ? ಕಿವಿಯವ್ರಾ? ಏನಂದ್ರು?" ತನ್ನ ದನಿ ತನಗೆ ಕೇಳಿಸದೆ ಜೋರಾಗಿಯೇ ಕೇಳಿದಳು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವಳು ಆ ಕೈಯನ್ನು ಮೆಲ್ಲಗೆ ಸರಿಸಿ, ನನ್ನ ತುಟಿಯನ್ನೇ ನೋಡುತ್ತ ಕಾದು ನಿಂತಳು.