ಒಂದೇ ಕಟ್ಟಿನ ಮೂರು ವಿಷಯ

“ಒಂದೇ ಮಗು ಎರಡು ಕೋಣೇಲಿ ಕೂರೋದು ಹೇಗೆ?”

ಶ್ರೀರಾಮಪ್ಪನವರು ಇದನ್ನು ಕೇಳಿದಾಗ ಮೇಷ್ಟ್ರುಗಳ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶನಿವಾರ; ಬೆಳಗಿನ ಶಾಲೆ ಬಿಟ್ಟಾಗಿತ್ತು. ಯಲಹಂಕದ ಆ ಹೈಸ್ಕೂಲಿನ ಅಂಗಳದಲ್ಲಿ ಯಾರದೋ ಎಮ್ಮೆಯೊಂದು ಧ್ವಜದ ಕಂಬಕ್ಕೆ ಬೆನ್ನು ಉಜ್ಜುತ್ತ ನಿಂತಿತ್ತು. ಅದು ಒಮ್ಮೆ ಕಿಟಕಿಯತ್ತ ನೋಡಿ ಮತ್ತೆ ಉಜ್ಜತೊಡಗಿತು.

ಅರವತ್ತನೇ ಇಸವಿಯ ಜೂನ್ ತಿಂಗಳು ಅದು. ಆ ವರ್ಷ ಶಾಲೆಗೆ ‘ವಿವಿಧೋದ್ದೇಶ’ ಎಂಬ ಬಿರುದು ಬಂದಿತ್ತು. ಉದ್ದೇಶಗಳು ಬಂದವು, ಕೋಣೆಗಳು ಬರಲಿಲ್ಲ. ಅಲ್ಲಿಯವರೆಗೆ ಎಲ್ಲ ಮಕ್ಕಳೂ ಎಲ್ಲವನ್ನೂ ಓದುತ್ತಿದ್ದರು, ಎಲ್ಲದರಲ್ಲೂ ಒಂದೇ ಥರ ಫೇಲಾಗುತ್ತಿದ್ದರು. ಇನ್ನು ಮೇಲೆ ಒಂಬತ್ತನೇ ತರಗತಿಯವರು ಮೂರು ಐಚ್ಛಿಕ ವಿಷಯಗಳನ್ನು ತಾವೇ ಆರಿಸಿಕೊಳ್ಳಬೇಕು. ಅದಕ್ಕೆ ಹೊಂದುವ ವೇಳಾಪಟ್ಟಿಯನ್ನು ಕನ್ನಡ ಪಂಡಿತರಾದ ಶ್ರೀರಾಮಪ್ಪನವರು ಬರೆಯಬೇಕು. ಅವರೇ ಯಾಕೆ ಎಂದರೆ, ಅವರ ಅಕ್ಷರ ದುಂಡಗಿತ್ತು.

ವಿಷಯಗಳನ್ನು ಅವರು ಮೂರು ಕಟ್ಟು ಮಾಡಿದ್ದರು. ಒಂದು ಕಟ್ಟಿನೊಳಗಿನ ವಿಷಯಗಳೆಲ್ಲ ಒಂದೇ ಹೊತ್ತಿಗೆ, ಬೇರೆ ಬೇರೆ ಕೋಣೆಗಳಲ್ಲಿ ನಡೆಯುತ್ತವೆ. ಮಗು ಪ್ರತಿ ಕಟ್ಟಿನಿಂದ ಒಂದನ್ನು ಆರಿಸಿಕೊಂಡು ಆ ಕೋಣೆಗೆ ಹೋಗುತ್ತದೆ. ಮೊದಲನೇ ಕಟ್ಟಿನಲ್ಲಿ ಗಣಿತ, ಉರ್ದು, ಗೃಹವಿಜ್ಞಾನ. ಅದನ್ನು ಕಟ್ಟುವಾಗ ಅವರಿಗೆ ಬಹಳ ಸಮಾಧಾನವಾಗಿತ್ತು. ಗಂಡುಹುಡುಗರು ಗಣಿತಕ್ಕೆ, ಹೆಣ್ಣುಮಕ್ಕಳು ಗೃಹವಿಜ್ಞಾನಕ್ಕೆ, ಸಾಬರ ಮಕ್ಕಳು ಉರ್ದುವಿಗೆ. ಯಾರಿಗೆ ಯಾರೂ ಅಡ್ಡ ಬರುವ ಹಾಗಿರಲಿಲ್ಲ.

ಪಟ್ಟಿಯಲ್ಲಿ ತಪ್ಪಿಲ್ಲವೆಂದು ನೋಡಿಕೊಳ್ಳುವುದಕ್ಕೆ ಅವರದೊಂದು ಕ್ರಮವಿತ್ತು. ಅವರ ತಂದೆ ರಾಮಮಂದಿರದ ಪಡಸಾಲೆಯಲ್ಲಿ ಕಾವ್ಯ ವಾಚನ ಮಾಡುತ್ತಿದ್ದವರು. ಹುಡುಗನಾಗಿದ್ದಾಗ ಶ್ರೀರಾಮಪ್ಪ ಕಂಬಕ್ಕೆ ಒರಗಿ ಕೇಳುತ್ತಿದ್ದರು; ಅರ್ಥವಾಗುವ ಮೊದಲೇ ಎಲ್ಲಿ ಮಾತ್ರೆ ತಪ್ಪಿತು ಎನ್ನುವುದು ಅವರ ಕಿವಿಗೆ ಗೊತ್ತಾಗುತ್ತಿತ್ತು. ಈಗ ವೇಳಾಪಟ್ಟಿಯನ್ನೂ ಅವರು ಹಾಗೆಯೇ ಓದುತ್ತಿದ್ದರು. ಒಂದೊಂದು ಪೀರಿಯಡ್ಡಿನ ಮೇಷ್ಟ್ರ ಹೆಸರುಗಳನ್ನು ಸಾಲಾಗಿ, ಷಟ್ಪದಿಯ ಧಾಟಿಯಲ್ಲಿ, ಕಣ್ಣು ಮುಚ್ಚಿ ರಾಗವಾಗಿ ಹೇಳುವುದು. ಒಂದೇ ಹೆಸರು ಒಂದೇ ಸಾಲಿನಲ್ಲಿ ಎರಡು ಸಲ ಬಂದರೆ ನಾಲಿಗೆ ಎಡವುತ್ತಿತ್ತು. ಈ ಸಲದ ಪಟ್ಟಿ ಸೋಮವಾರದಿಂದ ಶನಿವಾರದವರೆಗೆ ಎಲ್ಲಿಯೂ ಎಡವಲಿಲ್ಲ. ಕೊನೆಗೆ ಒಂದು ಮಂಗಳ ಹಾಡಿಬಿಡೋಣ ಅನ್ನಿಸುವಷ್ಟು ಚೆನ್ನಾಗಿತ್ತು.

ಮಕ್ಕಳ ಹೆಸರನ್ನೂ ಅವು ಬರೆದುಕೊಟ್ಟಿದ್ದ ಆಯ್ಕೆಯನ್ನೂ ಅವರು ಓದಿ ನೋಡಿರಲಿಲ್ಲ.

ಅದು ಗೊತ್ತಾಗಿದ್ದು ಈ ಬೆಳಿಗ್ಗೆ. ಶಹರ್‌ಬಾನು ಎಂಬ ಹುಡುಗಿ ಬಾಗಿಲ ಹತ್ತಿರ ನಿಂತು ಕೇಳಿದ್ದಳು, “ಸಾರ್, ಸೋಮವಾರ ಮೊದಲನೇ ಪೀರಿಯಡ್ ನಾನು ಎಲ್ಲಿ ಕೂರ್ಲಿ?”

“ನಿಂದು ಏನಮ್ಮ ವಿಷಯ?”

“ಗಣಿತ, ಸಾರ್.”

“ಹಾಗಾದ್ರೆ ಗಣಿತದ ಕೋಣೇಲಿ ಕೂತ್ಕೋ.”

“ಉರ್ದೂನೂ ತಗೊಂಡಿದೀನಿ, ಸಾರ್.”

ಶ್ರೀರಾಮಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹುಡುಗಿ ಅಲ್ಲೇ ಇದ್ದಳು. ಎರಡೂ ಯಾಕೆ ಎಂದು ಕೇಳಿದರು.

“ನಾನು ಓದಿದ್ದು ಉರ್ದು ಇಸ್ಕೂಲು, ಸಾರ್. ಅಲ್ಲಿ ಲೆಕ್ಕ ಹೇಳಿಕೊಡೋರು ಇರಲಿಲ್ಲ. ಲೆಕ್ಕದ ಹೊತ್ತಲ್ಲಿ ಅಂಗಳ ಗುಡಿಸ್ತಿದ್ವಿ. ನಾನು ಓದಿ ಅಲ್ಲಿಗೇ ಲೆಕ್ಕದ ಟೀಚರಾಗಿ ಹೋಗ್ಬೇಕು. ಅದಕ್ಕೆ ಎರಡೂ ಬೇಕು.”

ಪಟ್ಟಿ ಸೋಮವಾರ ಬೆಳಿಗ್ಗೆ ನೋಟೀಸು ಬೋರ್ಡಿಗೆ ಏರಬೇಕು. ಶ್ರೀರಾಮಪ್ಪನವರು ಈಗ ಆ ಖಾಲಿ ಕೋಣೆಯಿಂದ ಎದ್ದು ಹೊರಟರು.

ಗಣಿತದ ಮೇಷ್ಟ್ರು ಮುನಿಆಂಜಿನಪ್ಪ ಹೊಂಗೆ ಮರದ ಕೆಳಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಬಾಗಲೂರಿನವರು, ಮನೆಯಲ್ಲಿ ರೇಷ್ಮೆಹುಳು ಸಾಕಿದ್ದರು.

“ಬೆಳಗಿನ ಮಿಕ್ಕ ಪೀರಿಯಡ್ಡಲ್ಲೆಲ್ಲ ನಿಮಗೆ ಬೇರೆ ತರಗತಿ ಇದೆ. ಗಣಿತಾನ ಊಟ ಆದ್ಮೇಲಕ್ಕೆ ಹಾಕಿದ್ರೆ ಹೇಗೆ?” ಎಂದರು ಶ್ರೀರಾಮಪ್ಪ.

“ಏನಂದ್ರಿ ಪಂಡಿತ್ರೇ? ಮುದ್ದೆ ಉಂಡ್ಕೊಂಡ್ ಬಂದೋರ್ಗೆ ಬೀಜಗಣಿತ ಇಳೀತದಾ? ಇಂಗೆ ತೂಗ್ತಾ ಕುಂತಿರ್ತವೆ.” ಮುನಿಆಂಜಿನಪ್ಪ ತಲೆಯನ್ನು ಆಡಿಸಿ ತೋರಿಸಿದರು.

“ಮಕ್ಕಳಾ?”

“ನಾನೂನೂ ಅನ್ಕಳಿ. ನಿಮ್ದೇನ್ ಬಿಡಿ, ಪದ್ಯ. ಮಲಗಿರೋರ್ಗೂ ಹೇಳಬೌದು. ಕೇಳ್ತಾ ಕೇಳ್ತಾ ಇನ್ನೂ ವಸಿ ಚೆನ್ನಾಗ್ ಮಲಗ್ತಾರೆ.”

ಗೃಹವಿಜ್ಞಾನದ ಗೋಪಾಲಮ್ಮನವರು ಪಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅವರಿಗೆ ಈ ತೊಡಕಿನ ಸಂಬಂಧವೇ ಇರಲಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡು ಪರಿಹಾರ ಕೊಟ್ಟರು.

“ಆ ಹುಡುಗೀನ ನನ್ನ ಹತ್ರ ಕಳಿಸಿ. ಗಣಿತಾನೂ ಬೇಡ, ಉರ್ದೂನೂ ಬೇಡ. ಬೆಳಿಗ್ಗೆ ಎರಡು ಪೀರಿಯಡ್ ಒಟ್ಟಿಗೆ ಕೊಟ್ಟಿದೀರಲ್ಲ, ಅದನ್ನ ಮಾತ್ರ ಮುಟ್ಟಬೇಡಿ ಕಣ್ರೀ. ಒಂದೇ ಪೀರಿಯಡ್ಡಲ್ಲಿ ಅವರೆಕಾಳು ಬೇಯಲ್ಲ. ಅರ್ಧ ಬೆಂದಿದ್ದನ್ನ ಹೋದ ವರ್ಷ ಇನ್‌ಸ್ಪೆಕ್ಟರು ತಿಂದರು.”

“ಏನಂದರು?”

“ರಜಾ ಹಾಕಿದರು.”

ಉರ್ದು ಹೇಳಿಕೊಡುವ ತಾಜುದ್ದೀನ್ ಮುನ್ಷಿಯವರು ರಸ್ತೆ ಬದಿಯಲ್ಲಿ ಛತ್ರಿ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಬೆಳಿಗ್ಗೆ ಇಲ್ಲಿ ಪಾಠ ಮುಗಿಸಿ ಮಧ್ಯಾಹ್ನ ಯಶವಂತಪುರದ ಇನ್ನೊಂದು ಶಾಲೆಗೆ ಹೋಗಬೇಕಾದವರು. ಎರಡು ಶಾಲೆಗೆ ಒಬ್ಬರೇ ಮುನ್ಷಿ.

“ಪಂಡಿತ್‌ಜೀ, ಒಂದು ಮಗು ಎರಡು ಕೋಣೇಲಿ ಕೂರೋದು ಹೇಗೆ ಅಂತ ಕೇಳ್ತೀರಿ. ನನ್ನನ್ನ ನೋಡಿ. ಎರಡು ಊರಲ್ಲಿ ಕೂತಿದೀನಿ. ಮಧ್ಯೆ ಬಸ್ಸಲ್ಲಿ ಮಾತ್ರ ನಿಂತಿರ್ತೀನಿ.” ಆಮೇಲೆ ದನಿ ತಗ್ಗಿಸಿ, “ಮಗು ಚೆನ್ನಾಗಿ ಓದ್ತಾಳೆ. ನಂಗೆ ಬೆಳಿಗ್ಗೆ ಬಿಟ್ಟರೆ ಬೇರೆ ಹೊತ್ತಿಲ್ಲ. ಖುದಾ ಕಸಮ್, ಇಲ್ಲ,” ಎಂದರು. ಬಸ್ಸು ಬಂತು. ಮುನ್ಷಿಯವರು ಹತ್ತಿ ನಿಂತುಕೊಂಡರು.

ಕೊನೆಗೆ ಹೆಡ್‌ಮಾಸ್ಟರು ಚನ್ನಕೇಶವಯ್ಯನವರ ಮನೆ. ಅವರು ಊಟ ಮುಗಿಸಿ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ತೀರ್ಮಾನಗಳನ್ನು ಅವರು ಬಾಯಿ ತುಂಬಿದ್ದಾಗಲೇ ಕೊಡುವುದು ವಾಡಿಕೆ. ಎದುರು ವಾದ ಬಂದರೆ ಉಗುಳಲು ಎದ್ದುಹೋಗಬಹುದಿತ್ತು.

“ಹುಡುಗಿ ಒಂದು ವಿಷಯ ಬಿಟ್ಟರೆ ನಿಮ್ಮ ಪಟ್ಟಿ ಹಾಗೇ ಉಳಿಯುತ್ತೆ,” ಎಂದರು. “ಬಿಡೋದಿಲ್ಲ ಅಂದಳೋ, ಗಣಿತಾನ ಮಧ್ಯಾಹ್ನಕ್ಕೆ ತಳ್ಳಿ ಇಡೀ ಪಟ್ಟಿ ಹೊಸದಾಗಿ ಬರೀರಿ. ಮುನಿಆಂಜಿನಪ್ಪನವರಿಗೆ ನಾನು ಹೇಳ್ಕೋತೀನಿ. ಬೇರೆ ದಾರಿ ಇಲ್ಲ. ಆದರೆ ಮೊದಲು ಮನೆಗೆ ಹೋಗಿ ಕೇಳಿ. ಒಪ್ತಾರೆ. ನೀವು ಕೇಳಿದ್ರೆ ಒಪ್ತಾರೆ.” ಅಷ್ಟು ಹೇಳಿ ಉಗುಳಲು ಎದ್ದರು.

ಗಣಿತ ಮಧ್ಯಾಹ್ನಕ್ಕೆ ಹೋದರೆ ಇಂಗ್ಲಿಷು ಬೆಳಿಗ್ಗೆ ಬರಬೇಕು, ಇಂಗ್ಲಿಷು ಬಂದರೆ ಕನ್ನಡ ಸರಿಯಬೇಕು, ಕನ್ನಡ ಸರಿದರೆ ಡ್ರಿಲ್ಲು ಉರಿಬಿಸಿಲಿಗೆ ಬೀಳುತ್ತದೆ. ಶ್ರೀರಾಮಪ್ಪನವರು ದಾರಿಯುದ್ದಕ್ಕೂ ಆ ಹೊಸ ಪಟ್ಟಿಯನ್ನು ಮನಸ್ಸಿನಲ್ಲೇ ಹಾಡಿ ನೋಡಿದರು. ಮಂಗಳವಾರಕ್ಕೇ ಕುಂಟಿತು. ಗುರುವಾರ ಎರಡೂ ಕಾಲು ಮುರಿದುಕೊಂಡು ಕೂತಿತು. ಆಂಜನೇಯನ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದು, ಹುಡುಗಿಯ ಮನಸ್ಸು ತಿರುಗಲಿ ಸ್ವಾಮಿ ಎಂದು ಬೇಡಿಕೊಂಡರು. ಎರಡರಲ್ಲಿ ಯಾವುದನ್ನು ಬಿಡಬೇಕೆಂದು ಹೇಳಲಿಲ್ಲ. ಅಷ್ಟನ್ನು ದೇವರಿಗೇ ಬಿಟ್ಟರು.

ಶಹರ್‌ಬಾನುವಿನ ತಂದೆ ರಹಮತುಲ್ಲಾ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಹಳೇ ಪೇಟೆಯ ಓಣಿಯೊಳಕ್ಕೆ ಹೊಕ್ಕಾಗಲೇ ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಕೇಳಿಸಿತು. ಬಾಗಿಲಲ್ಲಿ ಪಂಡಿತರನ್ನು ಕಂಡವರೇ ರಹಮತುಲ್ಲಾ ಬಿಲ್ಲನ್ನು ಗೋಡೆಗೆ ಒರಗಿಸಿ, ಗಡ್ಡದಲ್ಲಿದ್ದ ಹತ್ತಿಯನ್ನು ಕೊಡವಿಕೊಂಡು, ಅರ್ಧ ತುಂಬಿದ ಹೊಸ ಹಾಸಿಗೆಯನ್ನು ಹಾಸಿ ಕೂರಿಸಿದರು. ಶ್ರೀರಾಮಪ್ಪನವರು ಅದರ ಒಂದು ಮಗ್ಗುಲಿಗೆ ಇಳಿದು ಹೋದರು.

ಒಳಗಿನಿಂದ ಓದುವ ದನಿ ಬರುತ್ತಿತ್ತು.

“ನನ್ನ ತಾಯಿ ಅಕ್ಬರಿ ಬೀ,” ಎಂದರು ರಹಮತುಲ್ಲಾ. “ಮಗಳು ಅವರಿಗೆ ಓದಿ ಹೇಳ್ತಾಳೆ, ನಮ್ಮ ಪೈಗಂಬರ್ ನಬೀ ಸಾಹೇಬರ ಮೇಲಿಂದು ಪದ್ಯ. ನಿಲ್ಲಿಸಕ್ಕೆ ಹೇಳ್ತೀನಿ.”

“ಬೇಡ, ಓದಲಿ.”

ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಸಾಲು ಎಲ್ಲಿ ಏರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಯಾವ ಪದ ತಿರುಗಿ ತಿರುಗಿ ಬಂದು ಬಾಗಿಲು ಹಾಕಿಕೊಳ್ಳುತ್ತದೆ ಎನ್ನುವುದು ತಿಳಿಯಿತು. ಶ್ರೀರಾಮಪ್ಪನವರು ಕಣ್ಣು ಮುಚ್ಚಿದರು. ಒಂದು ಕಡೆ ಹುಡುಗಿ ಅವಸರದಲ್ಲಿ ಒಂದು ಮಾತ್ರೆ ನುಂಗಿದಳು. ಅವರು ಹುಬ್ಬು ಎತ್ತುವುದಕ್ಕೂ ಒಳಗೆ ಮುದುಕಿ “ಊಹೂಂ” ಎನ್ನುವುದಕ್ಕೂ ಸರಿಹೋಯಿತು. ಹುಡುಗಿ ಹಿಂದಕ್ಕೆ ಹೋಗಿ ಆ ಸಾಲನ್ನು ಮತ್ತೆ ಓದಿದಳು. ಈಗ ಸರಿಯಾಗಿತ್ತು.

ಓದು ಮುಗಿದ ಮೇಲೆ ಮೊಮ್ಮಗಳು ಹೊರಗೆ ಬಂದಳು, ಅಜ್ಜಿ ಪರದೆಯ ಹಿಂದೆ ನಿಂತಳು. ಶ್ರೀರಾಮಪ್ಪನವರು ಬಂದ ಕೆಲಸ ಹೇಳಿದರು: ಮೊದಲನೇ ಕಟ್ಟು, ಮುನ್ಷಿಯವರ ಬಸ್ಸು, ಮುನಿಆಂಜಿನಪ್ಪನವರ ಮುದ್ದೆ, ಎಲ್ಲ.

“ಇದೆಂಥ ದೊಡ್ಡ ಮಾತು ಮೇಷ್ಟ್ರೇ!” ಎಂದರು ರಹಮತುಲ್ಲಾ. “ಇದಕ್ಕೆ ನೀವು ಬಿಸಿಲಲ್ಲಿ ಬರೋದಾ? ಬಿಡ್ತಾಳೆ. ಲೆಕ್ಕ ಬಿಡ್ಲಿ. ಹೆಣ್ಣು ಹುಡುಗಿಗೆ ಅದೇನ್ಕೆ?”

ಶ್ರೀರಾಮಪ್ಪನವರಿಗೆ ಹಾಸಿಗೆ ಇದ್ದಕ್ಕಿದ್ದಂತೆ ಮೆತ್ತಗಾದ ಹಾಗೆ ತೋರಿತು. ಪಟ್ಟಿ ಸೋಮವಾರದಿಂದ ಶನಿವಾರದವರೆಗೆ ತಲೆಯೊಳಗೆ ಒಮ್ಮೆ ಸಲೀಸಾಗಿ ಹರಿಯಿತು.

ಅಜ್ಜಿ ಉರ್ದುವಿನಲ್ಲಿ ಏನೋ ಹೇಳಿದಳು. ರಹಮತುಲ್ಲಾ ತುಸು ಮುಖ ಚಿಕ್ಕದು ಮಾಡಿಕೊಂಡರು.

“ಅಮ್ಮಿ ಹೇಳ್ತಾರೆ, ಲೆಕ್ಕ ಬಿಡಬಾರದು, ಉರ್ದು ಬಿಡ್ಲಿ, ಮನೇಲಿ ನಾನೇ ಕಲಿಸ್ತೀನಿ ಅಂತ.”

“ಅವರಿಗೆ ಓದೋಕೆ ಬರುತ್ತಾ?”

“ಇಲ್ಲ. ಕೇಳೋಕೆ ಬರುತ್ತೆ.”

ಯಾರೂ ನಗಲಿಲ್ಲ. ಶ್ರೀರಾಮಪ್ಪನವರು ಪರದೆಯ ಕೆಳಗೆ ಕಾಣುತ್ತಿದ್ದ ಮುದುಕಿಯ ಪಾದಗಳನ್ನು ನೋಡಿದರು. ಕೇಳೋಕೆ ಬರುವುದು ಎಂದರೆ ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎದ್ದು ಹೋಗಿಬಿಡಬೇಕೆನ್ನಿಸಿತು. ಆದರೆ ಹಾಸಿಗೆಯಿಂದ ಏಳುವುದು ಸುಲಭವಿರಲಿಲ್ಲ. ಅಲ್ಲದೆ ಆ ಪಟ್ಟಿ ಬಹಳ ಚೆನ್ನಾಗಿತ್ತು.

“ನಿಮ್ಮಪ್ಪ ಒಂದು ಹೇಳಿದ್ರು, ನಿಮ್ಮಜ್ಜಿ ಒಂದು ಹೇಳಿದ್ರು,” ಎಂದರು ಹುಡುಗಿಯ ಕಡೆ ತಿರುಗಿ. “ಓದೋಳು ನೀನು. ಇಬ್ಬರೂ ಒಂದು ಬಿಡು ಅಂತಾನೇ ಹೇಳ್ತಿದಾರೆ. ಯಾವುದಾದ್ರೂ ಒಂದು ಬಿಟ್ಟುಬಿಡಮ್ಮ. ನಾನು ಕೇಳ್ಕೋತಾ ಇದೀನಿ.”

ಶಹರ್‌ಬಾನು ಅಪ್ಪನ ಕಡೆ ನೋಡಲಿಲ್ಲ, ಪರದೆಯ ಹಿಂದಿದ್ದ ಅಜ್ಜಿಯ ಕಡೆಯೂ ನೋಡಲಿಲ್ಲ. ದುಪಟ್ಟಾ ಸರಿಮಾಡಿಕೊಂಡು, ತರಗತಿಯಲ್ಲಿ ಪ್ರಶ್ನೆಗೆ ಎದ್ದು ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

“ಬಿಡಲ್ಲ, ಸಾರ್.”