ಸೀಸೆಯಲ್ಲಿ ತಂದ ಬೆಳ್ಳಿಹನಿ

ಮಗಳು ಮಕ್ಕಳಿಗಾಗಿ ಪುಸ್ತಕ ಬರೆಯುತ್ತಿದ್ದಳು. ವೈದ್ಯರ ತಲೆ ಕೆಡಿಸಿದ ಹಳೆಯ ಕಾಯಿಲೆಗಳ ಗುಟ್ಟು ಹೇಗೆ ಬಯಲಾಯಿತು ಎನ್ನುವ ನಿಜಕತೆಗಳು. ಯಾವ ಅಧ್ಯಾಯಕ್ಕೂ ಮೊದಲ ಕೇಳುಗ ಅಪ್ಪನೇ. ಎಂಬತ್ತು ದಾಟಿದ ಅವರ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು.

ಈ ಸಲ ಮಾತ್ರ ಅವಳು ಓದುವುದನ್ನು ಮುಂದೂಡುತ್ತಲೇ ಬಂದಳು.

"ಏನಮ್ಮಾ, ಈ ಕಾಯಿಲೆ ನಿನಗೇ ಅಂಟಿಕೊಳ್ತಾ? ಬಾಯೇ ಬಿಡ್ತಿಲ್ಲ" ಎಂದು ಅಪ್ಪ ಕೆಣಕಿದರು.

ಈ ಅಧ್ಯಾಯದ್ದು ಎಳೆಯ ಮಕ್ಕಳ ಕಾಯಿಲೆ. ಅಂಗೈ ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ಮಗು ಉರಿಯಿಂದ ಹಗಲಿರುಳು ಅಳುತ್ತಿತ್ತು. ಬಹಳ ಕಾಲ ಯಾರಿಗೂ ಕಾರಣ ಹೊಳೆಯಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಪಾದರಸ. ಮನೆಯೊಳಗೆ ಚೆಲ್ಲಿದ ಹನಿಗಳಿಂದ ಕಣ್ಣಿಗೆ ಕಾಣದ ಆವಿ ಏಳುತ್ತದೆ ಎಂದು ಗ್ರಂಥಾಲಯದಲ್ಲಿ ಓದಿದಾಗ ಅವಳಿಗೆ ಹೊಳೆದಿತ್ತು: ತಂಗಿ ಚೂಟಿ ತೀರಿಹೋಗಿದ್ದು ಹೀಗೆಯೇ.

ಆಗ ಅಪ್ಪನಿಗೆ ಥರ್ಮಾಮೀಟರ್ ಕಾರ್ಖಾನೆಯಲ್ಲಿ ಗಾಜಿನ ನಳಿಗೆಗಳಿಗೆ ಪಾದರಸ ತುಂಬುವ ಕೆಲಸ. ನೆಲಕ್ಕೆ ಚೆಲ್ಲಿದ್ದನ್ನು ಕಾಗದದ ಚೂರಿನಿಂದ ಒಟ್ಟುಮಾಡಿ, ಔಷಧಿಯ ಪುಟ್ಟ ಸೀಸೆಯಲ್ಲಿ ಮನೆಗೆ ತರುತ್ತಿದ್ದರು. ತಟ್ಟೆಗೆ ಸುರಿದರೆ ಬೆಳ್ಳಿಹನಿ ಓಡುತ್ತಿತ್ತು, ಮುಟ್ಟಿದರೆ ಒಡೆಯುತ್ತಿತ್ತು, ಮತ್ತೆ ಕೂಡಿಕೊಳ್ಳುತ್ತಿತ್ತು. ಚೂಟಿ ಬಿದ್ದು ಬಿದ್ದು ನಗುತ್ತಿದ್ದಳು. ತಪ್ಪಿಸಿಕೊಂಡ ಹನಿಗಳು ನೆಲದ ಬಿರುಕಿಗೆ ಇಳಿಯುತ್ತಿದ್ದವು. ಅದರ ಪಕ್ಕದಲ್ಲೇ ಅವಳ ಹಾಸಿಗೆ. ಅವಳು ಕಾಯಿಲೆ ಬಿದ್ದು ಮಲಗಿದ ಮೇಲೆ, ಅಳು ನಿಲ್ಲಲಿ ಎಂದು ಅಪ್ಪ ಇನ್ನಷ್ಟು ತಂದರು.

ನೋಡಲು ಬಂದ ವೈದ್ಯರು ಸ್ಟೆತಾಸ್ಕೋಪನ್ನು ಮೊದಲು ತಮ್ಮ ಅಂಗೈಯಲ್ಲಿ ಬೆಚ್ಚಗೆ ಮಾಡಿ ಆಮೇಲೆ ಮಗುವಿನ ಎದೆಗೆ ಇಡುತ್ತಿದ್ದರು. ಕೊನೆಗೊಂದು ದಿನ, "ನನಗೆ ತಿಳೀತಿಲ್ಲಮ್ಮಾ" ಎಂದು ಅಮ್ಮನ ಮುಂದೆ ತಲೆ ತಗ್ಗಿಸಿದ್ದರು. ಅಮ್ಮ ಈಗಿಲ್ಲ. ಉಳಿದಿರುವುದು ಅಪ್ಪ, ಲೋಟವನ್ನೂ ನೆಟ್ಟಗೆ ಹಿಡಿಯಲಾಗದ ಅವರ ಕೈ.

ಒಡೆದ ಥರ್ಮಾಮೀಟರಿನ ಹನಿಗಳ ಜೊತೆ ಇವತ್ತೂ ಮಕ್ಕಳು ಆಡಿಯಾರು. ಅದಕ್ಕೇ ಚೂಟಿಯ ಕತೆ ಬಿಡುವಂತಿರಲಿಲ್ಲ. ಆದರೆ ಅಪ್ಪನನ್ನು ಈ ವಯಸ್ಸಿನಲ್ಲಿ ಹೇಗೆ ನೋಯಿಸುವುದು? ಅವಳು ಒಂದೇ ಒಂದು ಸಾಲು ಬದಲಿಸಿ ಓದಿದಳು: 'ಪಕ್ಕದ ಮನೆಯ ಹುಡುಗ ಎಲ್ಲಿಂದಲೋ ಪಾದರಸ ತಂದುಕೊಟ್ಟ.'

ಅಪ್ಪ ಕೈಯೆತ್ತಿ ಓದು ನಿಲ್ಲಿಸಿದರು.

"ಆ ಹುಡುಗನ ತಲೆಗೆ ಯಾಕಮ್ಮಾ ಕಟ್ತೀಯ? ಪಾಪ, ಅವನು ಚೂಟೀನ ಹೆಗಲ ಮೇಲೆ ಕೂರಿಸಿಕೊಂಡು ಬೀದಿಯೆಲ್ಲಾ ಸುತ್ತಿಸಿದವನು."

"ಸುಮ್ನೆ... ಕತೆಗೆ ಅಂತ, ಅಪ್ಪಾ."

"ನಿಜಕತೆ ಅಂತ ಪುಸ್ತಕದ ಮೇಲೆ ಅಚ್ಚು ಹಾಕಿಸ್ತೀಯಲ್ಲ? ಸೀಸೆ ತಂದವನು ನಾನು."

"ನಿಮಗೇನು ಗೊತ್ತಿತ್ತು? ಡಾಕ್ಟರಿಗೇ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ. ಅದನ್ನೂ ಬರಿ. ಆದರೆ ಅಪ್ಪ ತಂದ ಅಂತ ಮೊದಲು ಬರಿ. ಮಗನಿಗೋ ಮಗಳಿಗೋ ಅಂತ ಜೇಬಲ್ಲಿ ಪಾದರಸ ಇಟ್ಕೊಂಡು ಹೊರಟವನು ಯಾರಾದ್ರೂ ಓದಲಿ. ಅವನ ಕೈಯಾದ್ರೂ ತಡೀಲಿ."

ಅವಳು ಅಲ್ಲೇ ಕೂತು ಸಾಲನ್ನು ಹೊಡೆದುಹಾಕಿದಳು. ಹೊಸದನ್ನು ಓದಲು ಹೋದವಳು 'ಅಪ್ಪ' ಎನ್ನುವಲ್ಲಿ ನಿಂತಳು. ಅಪ್ಪ ತಡಕಾಡಿ ಅವಳ ತಲೆ ಸವರಿದರು.

"ಓದು ಮಗಾ. ಅವಳು ನಗ್ತಾ ಇದ್ದದ್ದು ಬರೆದಿದ್ದೀಯ ತಾನೆ?"

"ಬರೆದಿದ್ದೀನಿ."

"ಹಾಗಾದ್ರೆ ಅಲ್ಲಿಂದ ಓದು."

ಅವಳು ಓದಿದಳು. ಅಪ್ಪ ಅವಳ ತಲೆಯ ಮೇಲಿಂದ ಕೈ ತೆಗೆಯಲಿಲ್ಲ.